ಅಣುವಿನ ಚಿತ್ರ ನೋಡಿ ಹೆದರುವ ಕೆಲಸ

ಬೆಂಗಳೂರಿನ ಹೊರವಲಯದಲ್ಲಿರುವ ಒಂದು ಔಷಧಿ ಕಂಪನಿಯ ಪ್ರೊಸೆಸ್ ಸೇಫ್ಟಿ ಲ್ಯಾಬಿನಲ್ಲಿ ನನ್ನ ಕೆಲಸ. ಫ್ಲಾಸ್ಕಿನಲ್ಲಿ ಹತ್ತು ಗ್ರಾಂ ಮಾಡಿದ್ದನ್ನು ಪ್ಲಾಂಟಿನಲ್ಲಿ ನೂರು ಕಿಲೋ ಮಾಡುವ ಮೊದಲು, ಅದು ಅಷ್ಟು ದೊಡ್ಡ ರಿಯಾಕ್ಟರಿನಲ್ಲಿ ತೆಪ್ಪಗಿರುತ್ತದೋ ಇಲ್ಲವೋ ಎಂದು ನೋಡಿ ಹೇಳಬೇಕು. ಮದ್ದುಗುಂಡಿನ ಕಾರ್ಖಾನೆಗೂ ನಮಗೂ ಏನೂ ಸಂಬಂಧ ಇಲ್ಲ. ಆದರೂ ಸಿಡಿಮದ್ದಿನ ರಸಾಯನಶಾಸ್ತ್ರ ಓದದೆ ಈ ಕೆಲಸ ನಡೆಯುವುದಿಲ್ಲ. ನೈಟ್ರೋ (ಒಂದು ನೈಟ್ರೋಜನ್, ಎರಡು ಆಕ್ಸಿಜನ್), ಅಜೈಡ್ (ಸಾಲಾಗಿ ಮೂರು ನೈಟ್ರೋಜನ್), ಟೆಟ್ರಜೋಲ್, ಪೆರಾಕ್ಸೈಡ್ ಎಂದು ಅವರು ಬಳಸುವ ಪರಮಾಣು ಗುಂಪುಗಳೇ ನಮ್ಮ ಮಾತ್ರೆಗಳ ತಯಾರಿಯಲ್ಲೂ ಬರುತ್ತವೆ.

ಹೊಸದಾಗಿ ಸೇರಿದ ಹುಡುಗರು ಅಣುವಿನ ಚಿತ್ರ ಹಿಡಿದುಕೊಂಡು ಬಂದು ಕೇಳುವುದು ಒಂದೇ ಮಾತು: "ಇದು ಸಿಡಿಯುತ್ತಾ, ಇಲ್ವಾ?" ಹೌದು ಅಥವಾ ಇಲ್ಲ ಎಂದು ಹೇಳಿಬಿಟ್ಟರೆ ಅವರಿಗೂ ಸಲೀಸು, ನನಗೂ ಸಲೀಸು. ಆದರೆ ಆ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಈ ಅಣು ಒಡೆದರೆ ಎಷ್ಟು ಶಕ್ತಿ ಹೊರಗೆ ಬರುತ್ತದೆ? ಅದು ಒಡೆಯಬೇಕಾದರೆ ಎಷ್ಟು ಏಟು, ಎಷ್ಟು ಉಜ್ಜಾಟ, ಎಷ್ಟು ಬಿಸಿ ಬೇಕು? ಮೊದಲನೆಯದಕ್ಕೆ ಬಂದ ಉತ್ತರದಿಂದ ಎರಡನೆಯದನ್ನು ಊಹಿಸೋಕೆ ಹೋದರೆ ಕೆಲಸ ಕೆಟ್ಟಿತು.

ಟಿಎನ್‌ಟಿ ಮತ್ತು ನೈಟ್ರೋಗ್ಲಿಸರಿನ್ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಮೂರು ಮೂರು ನೈಟ್ರೋ ಗುಂಪುಗಳಿವೆ. ಗ್ರಾಂ ಲೆಕ್ಕದಲ್ಲಿ ನೈಟ್ರೋಗ್ಲಿಸರಿನ್ ಕೊಡುವ ಶಕ್ತಿ ಟಿಎನ್‌ಟಿಯ ಹೆಚ್ಚುಕಮ್ಮಿ ಒಂದೂವರೆ ಪಟ್ಟು, ಅಷ್ಟೇ. ಆದರೆ ಹೊಡೆತದ ಪರೀಕ್ಷೆಯಲ್ಲಿ ಟಿಎನ್‌ಟಿಗೆ ಸುಮಾರು 15 ಜೌಲ್ ಏಟು ಬೇಕು, ನೈಟ್ರೋಗ್ಲಿಸರಿನ್‌ಗೆ 0.2 ಜೌಲ್ ಸಾಕು. 1863ರಲ್ಲಿ ಜರ್ಮನಿಯಲ್ಲಿ ವಿಲ್‌ಬ್ರಾಂಡ್ ಟಿಎನ್‌ಟಿ ಮಾಡಿದಾಗ ಅದನ್ನು ಹಳದಿ ಬಣ್ಣ ಎಂದುಕೊಂಡಿದ್ದರು. ಅದು ಸಿಡಿಮದ್ದಾಗಿ ಬಳಕೆಗೆ ಬರಲು ದಶಕಗಳೇ ಹಿಡಿದವು. 81 ಡಿಗ್ರಿಗೆ ಕರಗುತ್ತದೆ ಅಂತ ಅದನ್ನು ಹಬೆಯಲ್ಲಿ ಕರಗಿಸಿ ಶೆಲ್‌ಗಳಿಗೆ ಸುರಿಯುತ್ತಿದ್ದರು. ನೈಟ್ರೋಗ್ಲಿಸರಿನ್ ಕಥೆ ಪೂರ್ತಿ ಬೇರೆ. 1847ರಲ್ಲಿ ಸೊಬ್ರೆರೊ ಅದನ್ನು ಕಂಡುಹಿಡಿದ ಮೇಲೆ ಇಪ್ಪತ್ತು ವರ್ಷ ಎಷ್ಟೋ ಅನಾಹುತಗಳಾದವು. 1867ರಲ್ಲಿ ನೊಬೆಲ್ ಅದನ್ನು ಡಯಾಟಮ್ ಮಣ್ಣಿಗೆ ಹೀರಿಸಿ ಡೈನಮೈಟ್ ಮಾಡಿದ ಮೇಲೆಯೇ ಜನ ಅದನ್ನು ಸ್ವಲ್ಪ ಧೈರ್ಯವಾಗಿ ಮುಟ್ಟುವಂತಾಯಿತು.

ಈ ವ್ಯತ್ಯಾಸ ಚಿತ್ರದಲ್ಲೇ ಕಾಣುತ್ತದೆ. ಟಿಎನ್‌ಟಿಯಲ್ಲಿ ನೈಟ್ರೋ ಗುಂಪು ಬೆಂಜೀನ್ ಉಂಗುರದ ಕಾರ್ಬನ್‌ಗೆ ಅಂಟಿಕೊಂಡಿದೆ. ಈ ತರಹದ ಬಂಧ ಬಿಡಿಸಲು, ನೈಟ್ರೋಬೆಂಜೀನ್‌ನ ಲೆಕ್ಕ ಹಿಡಿದರೆ, ಮೋಲ್‌ಗೆ (ಅಣುಗಳನ್ನು ಎಣಿಸುವ ಅಳತೆ) ಸುಮಾರು 300 ಕಿಲೋಜೌಲ್ ಬೇಕು. ನೈಟ್ರೋಗ್ಲಿಸರಿನ್‌ನಲ್ಲಿ ಅದೇ ಗುಂಪು ಆಕ್ಸಿಜನ್‌ಗೆ ನೇತುಬಿದ್ದಿದೆ. ಅಲ್ಲಿ ಸುಮಾರು 170 ಸಾಕು. ಆರ್‌ಡಿಎಕ್ಸ್, ಎಚ್‌ಎಂಎಕ್ಸ್‌ನಂಥ ಸೇನೆಯ ಸಿಡಿಮದ್ದುಗಳಲ್ಲಿ ಅದು ನೈಟ್ರೋಜನ್ ಮೇಲೆ ಕೂತಿದೆ. ಅವುಗಳ ಬಲ ಈ ಎರಡರ ನಡುವೆ. ಸೂಕ್ಷ್ಮತೆಯಲ್ಲೂ ಅವು ನಡುವೆಯೇ ಬರುತ್ತವೆ. ಹಾಗಾಗಿ ಯಾವುದೇ ಚಿತ್ರ ಕೈಗೆ ಬಂದರೆ ನಾನು ಮೊದಲು ನೋಡುವುದು ನೈಟ್ರೋ ಎಷ್ಟಿವೆ ಅಂತಲ್ಲ, ಅದು ಯಾವುದಕ್ಕೆ ಅಂಟಿಕೊಂಡಿದೆ ಅಂತ. ಮೊದಲು ಬಿಡುವ ಬಂಧ ಯಾವುದು ಎಂದು ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯುತ್ತೇನೆ. ಇವತ್ತಿನ ಸಾಫ್ಟ್‌ವೇರ್ ಕೂಡ ಇದನ್ನೇ ಮಾಡುತ್ತದೆ, ಬಣ್ಣ ಹಚ್ಚಿ.

ಈ ಸಡಿಲ ಬಂಧ ಎಷ್ಟೋ ಮನೆಗಳ ಅಲಮಾರಿಯಲ್ಲೂ ಇದೆ ಎಂದರೆ ಜನ ನಗುತ್ತಾರೆ. ಎದೆನೋವು ಬಂದಾಗ ಅಜ್ಜನ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆ ಐಸೋಸಾರ್ಬೈಡ್ ಡೈನೈಟ್ರೇಟ್. ಅದರಲ್ಲೂ ನೈಟ್ರೋ ಗುಂಪು ಕೂತಿರುವುದು ಆಕ್ಸಿಜನ್ ಮೇಲೆಯೇ. ಮೈಯಲ್ಲಿ ಎಂಜೈಮುಗಳು ಅದನ್ನು ಬಿಡಿಸಿದಾಗ ನೈಟ್ರಿಕ್ ಆಕ್ಸೈಡ್ ಹುಟ್ಟಿ ರಕ್ತನಾಳ ಹಿಗ್ಗುತ್ತದೆ. ಈ ನೈಟ್ರಿಕ್ ಆಕ್ಸೈಡ್ ಕೆಲಸ ಕಂಡುಕೊಂಡದ್ದಕ್ಕೆ 1998ರಲ್ಲಿ ಮೂವರಿಗೆ ನೊಬೆಲ್ ಬಂತು. ಕೊನೆಗಾಲದಲ್ಲಿ ಆಲ್‌ಫ್ರೆಡ್ ನೊಬೆಲ್‌ಗೂ ವೈದ್ಯರು ಹೃದಯಕ್ಕೆಂದು ನೈಟ್ರೋಗ್ಲಿಸರಿನ್ ಬರೆದುಕೊಟ್ಟಿದ್ದರು. ಮಾತ್ರೆ ಸಿಡಿಯುವುದಿಲ್ಲ, ಹೆದರಬೇಡಿ. ಅದರಲ್ಲಿ ಔಷಧಿ ಇರುವುದು ಕೆಲವೇ ಮಿಲಿಗ್ರಾಂ, ಉಳಿದದ್ದೆಲ್ಲ ಲ್ಯಾಕ್ಟೋಸ್‌ನಂಥ ಭರ್ತಿ. ಶುದ್ಧ ಪುಡಿಯ ವಿಷಯ ಹಾಗಲ್ಲ. ಸಾಗಿಸುವಾಗಲೇ ಅದರಲ್ಲಿ ಕನಿಷ್ಠ ಶೇ. 60 ಲ್ಯಾಕ್ಟೋಸ್, ಸ್ಟಾರ್ಚ್ ತರಹದ್ದು ಬೆರೆತಿರಬೇಕು ಎಂದು ವಿಶ್ವಸಂಸ್ಥೆಯ ಸಾಗಣೆ ನಿಯಮದಲ್ಲಿ ಅದಕ್ಕೇ ಒಂದು ನಮೂದು ಇದೆ.

ಬೆರಕೆಯ ಮಾತು ಬಂದಿದ್ದಕ್ಕೆ ಕಾಗದದ ಮೇಲೆ ನಾವು ಮಾಡುವ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ನೈಟ್ರೋ ಗುಂಪು ಡಿಕಂಪೋಸ್ ಆದರೆ ಮೋಲ್‌ಗೆ ಹೆಚ್ಚುಕಮ್ಮಿ 300 ಕಿಲೋಜೌಲ್ ಬಿಡುತ್ತದೆ ಎಂದಿಟ್ಟುಕೊಳ್ಳಿ. ನೈಟ್ರೋಟಾಲ್ಯೂಯಿನ್‌ನ ಅಣುತೂಕ 137. ಭಾಗಿಸಿದರೆ ಗ್ರಾಂಗೆ 2000 ಜೌಲ್ ದಾಟುತ್ತದೆ. ಅದೇ ಒಂದು ನೈಟ್ರೋ 600 ತೂಕದ ದೊಡ್ಡ ಅಣುವಿನಲ್ಲಿದ್ದರೆ ಗ್ರಾಂಗೆ 500. ಗುಂಪು ಅದೇ. ಸುತ್ತಲಿನ ಕಾರ್ಬನ್ ಭಾರ ಅದನ್ನು ತೆಳ್ಳಗೆ ಮಾಡುತ್ತದೆ. ಗ್ರಾಂಗೆ 500 ಜೌಲ್ ನಮ್ಮ ಕಡತಗಳಲ್ಲಿ ಒಂದು ಗಡಿ. ಅದಕ್ಕಿಂತ ಜಾಸ್ತಿ ಬಂದರೆ ಸಿಡಿಯುವ ಗುಣ ಇದೆಯಾ ಎಂದು ಮುಂದಕ್ಕೆ ವಿಚಾರಿಸಬೇಕು. ಅಜೈಡ್‌ಗಳಿಗೆ ಇನ್ನೂ ಸರಳ ಲೆಕ್ಕ ಇದೆ: ಕಾರ್ಬನ್ ಮತ್ತು ಆಕ್ಸಿಜನ್ ಪರಮಾಣು ಕೂಡಿಸಿ ನೈಟ್ರೋಜನ್ ಸಂಖ್ಯೆಯಿಂದ ಭಾಗಿಸಿ, ಮೂರಕ್ಕಿಂತ ಕಡಿಮೆ ಬಂದರೆ ಬೇರ್ಪಡಿಸಿ ಇಟ್ಟುಕೊಳ್ಳಬೇಡಿ. ಒರಟು ಲೆಕ್ಕ, ನಿಜ. ಆದರೆ ಪ್ರಾಜೆಕ್ಟ್ ಮೀಟಿಂಗಿನಲ್ಲಿ ಕೂತಲ್ಲೇ ಬೆರಳಲ್ಲಿ ಎಣಿಸಬಹುದು.

ನೈಟ್ರೋಜನ್ ಯಾಕೆ ಇಷ್ಟು ತಲೆನೋವು? ಎರಡು ನೈಟ್ರೋಜನ್ ನಡುವಿನ ಒಂಟಿ ಬಂಧದ ಬಲ ಸುಮಾರು 160 ಕಿಲೋಜೌಲ್. ಜೋಡಿ ಬಂಧದ್ದು 418. ಗಾಳಿಯಲ್ಲಿರುವ ನೈಟ್ರೋಜನ್ ಅನಿಲದ ಮೂರು ಬಂಧದ್ದು 945. ಮೂರು ಒಂಟಿ ಬಂಧ ಕೂಡಿಸಿದರೂ ಅದರ ಅರ್ಧ ಸ್ವಲ್ಪ ದಾಟುತ್ತದೆ, ಅಷ್ಟೇ. ಹಾಗಾಗಿ ಅಣುವಿನಲ್ಲಿ ನೈಟ್ರೋಜನ್‌ಗಳು ಸಾಲಾಗಿ ಕೈ ಹಿಡಿದು ನಿಂತಿದ್ದರೆ ಅವು ಅನಿಲವಾಗಿ ಓಡಿಹೋಗಲು ಕಾಯುತ್ತಿವೆ ಎಂದೇ ಅರ್ಥ. ಅವು ಹೋಗುವಾಗ ಶಕ್ತಿ, ಅನಿಲ ಎರಡೂ ಒಟ್ಟಿಗೆ ಬರುತ್ತವೆ. ಟೆಟ್ರಜೋಲ್ ಉಂಗುರದಲ್ಲಿ ನಾಲ್ಕು ನೈಟ್ರೋಜನ್‌ಗೆ ಒಂದೇ ಕಾರ್ಬನ್. ಬರೀ ಟೆಟ್ರಜೋಲ್ ಸಾಗಣೆ ನಿಯಮದ ಪ್ರಕಾರ ಸ್ಫೋಟಕ. ಡಿಎನ್‌ಎ ತುಣುಕು ತಯಾರಿಸುವವರು ಅದನ್ನು ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿದ ರೂಪದಲ್ಲೇ ಕೊಳ್ಳುತ್ತಾರೆ. ಅದೇ ಉಂಗುರ ಲೊಸಾರ್ಟನ್‌ನಲ್ಲೂ ವಾಲ್ಸಾರ್ಟನ್‌ನಲ್ಲೂ ಇದೆ. ಬಿಪಿ ಇರುವ ಅರ್ಧ ಊರು ದಿನಾ ನುಂಗುತ್ತದೆ. ಅಲ್ಲಿ ಅದರ ಬೆನ್ನಿಗೆ ಇಪ್ಪತ್ತಕ್ಕೂ ಜಾಸ್ತಿ ಕಾರ್ಬನ್‌ಗಳಿವೆ.

ಈಗ ನಮ್ಮ ಲ್ಯಾಬಿಗೆ ಬರುತ್ತೇನೆ. ಪೆಪ್ಟೈಡ್ (ಅಮೈನೋ ಆಮ್ಲಗಳ ಸರಪಳಿ) ಮಾಡುವವರೆಲ್ಲ ಬಳಸುವ ಒಂದು ಪುಡಿ ಇದೆ, ಎಚ್‌ಒಬಿಟಿ. ಪೂರ್ತಿ ಹೆಸರು ಹೈಡ್ರಾಕ್ಸಿಬೆಂಜೋಟ್ರಯಜೋಲ್. ಮೂರು ನೈಟ್ರೋಜನ್ ಸಾಲಾಗಿ, ಕೊನೆಯದರ ಮೇಲೆ ಒಂದು ಆಕ್ಸಿಜನ್. ಚಿತ್ರ ನೋಡಿದರೇ ಸ್ವಲ್ಪ ಅನುಮಾನ ಬರಬೇಕು. ಆದರೆ ಸಿಂಥೆಸಿಸ್ ಲ್ಯಾಬಿನಲ್ಲಿ ಅದು ಉಪ್ಪಿನ ಡಬ್ಬದಷ್ಟು ಸಲಿಗೆಯ ವಸ್ತು. ಬಿಳಿ ಹರಳು, ವಾಸನೆ ಇಲ್ಲ, ವರ್ಷಗಟ್ಟಲೆ ಶೆಲ್ಫಿನಲ್ಲಿ ಸುಮ್ನೆ ಕೂತಿರುತ್ತದೆ. ಒಂದು ಪ್ರಾಜೆಕ್ಟಿನಲ್ಲಿ ಇಳುವರಿ ಬೀಳತೊಡಗಿತು. ಆ ತಂಡದ ಕೆಮಿಸ್ಟ್ ಜಾಣ. ಕಾರಣ ನೀರು ಎಂದು ಸರಿಯಾಗಿಯೇ ಹಿಡಿದ. ಎಚ್‌ಒಬಿಟಿ ಮಾರಾಟವಾಗುವುದು ಒಂದು ನೀರಿನ ಅಣು ಸೇರಿಸಿಕೊಂಡ ಹರಳಾಗಿ, ಅಂದರೆ ತೂಕದಲ್ಲಿ ಸುಮಾರು ಶೇ. 12 ನೀರು. ಆ ನೀರು ಅವನ ಕಪ್ಲಿಂಗ್ ಏಜೆಂಟನ್ನು, ಅಂದರೆ ಸರಪಳಿಯ ಕೊಂಡಿ ಜೋಡಿಸುವ ರಾಸಾಯನಿಕವನ್ನು, ತಿನ್ನುತ್ತಿತ್ತು. ಅವನು ಕಳಿಸಿದ ಅರ್ಜಿ ಹೀಗಿತ್ತು: ಎಚ್‌ಒಬಿಟಿಯನ್ನು ವ್ಯಾಕ್ಯೂಮ್ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ ಬಳಸಲು ಅನುಮತಿ ಕೊಡಿ. ರಸಾಯನಶಾಸ್ತ್ರದ ದೃಷ್ಟಿಯಿಂದ ಅರ್ಜಿಯಲ್ಲಿ ತಪ್ಪೇನೂ ಇಲ್ಲ, ಅಲ್ವಾ?

ನಾನು ಅವನನ್ನು ಸ್ಟೋರಿಗೆ ಕರೆದುಕೊಂಡು ಹೋಗಿ ಡ್ರಮ್ಮಿನ ಲೇಬಲ್ ತೋರಿಸಿದೆ. ಅದರ ಮೇಲೆ ಇರುವುದು ಯುಎನ್ 3474 (ವಿಶ್ವಸಂಸ್ಥೆಯ ಸಾಗಣೆ ಸಂಖ್ಯೆ), ವರ್ಗ 4.1, ಅಂದರೆ ಬೆಂಕಿ ಹಿಡಿಯುವ ಘನವಸ್ತುಗಳ ಕೆಂಪು-ಬಿಳಿ ಪಟ್ಟೆಯ ಚಿಹ್ನೆ. ಅದೇ ವಸ್ತುವಿನ ಹರಳಿನೊಳಗಿನ ನೀರು ಹೋಗಿ ಒಣಗಿದ್ದರೆ, ಆಮೇಲೆ ಹೊರಗಿನಿಂದ ನೀರು ಹಾಕಿ ಶೇ. 20ಕ್ಕಿಂತ ಕಡಿಮೆ ಒದ್ದೆ ಮಾಡಿದ್ದರೂ, ಯುಎನ್ 0508, ವರ್ಗ 1.3, ಅಂದರೆ ಸ್ಫೋಟಕಗಳ ಕಿತ್ತಳೆ ಬಣ್ಣದ ಚಿಹ್ನೆ. ಹರಳಿನೊಳಗೆ ಹೈಡ್ರೋಜನ್ ಬಂಧದಲ್ಲಿ ಕಟ್ಟಿಕೊಂಡಿರುವ ಆ ನೀರೇ ಅದನ್ನು ಹದದಲ್ಲಿಟ್ಟಿರುವುದು. ಎಲ್ಲೋ ಒಂದು ಕಡೆ ಬಿಸಿ ಹುಟ್ಟಿದರೆ ಅದನ್ನು ಮೊದಲು ನೀರು ಕುಡಿಯುತ್ತದೆ. ಇವನು ರಾತ್ರಿ ಓವನ್‌ನಲ್ಲಿ ಇಟ್ಟು ಬೆಳಿಗ್ಗೆ ತೆಗೆಯುವ ಹೊತ್ತಿಗೆ ಡಬ್ಬದ ಹೆಸರು ಅದೇ ಇರುತ್ತದೆ, ಒಳಗಿನ ವಸ್ತುವಿನ ವರ್ಗ ಬದಲಾಗಿರುತ್ತದೆ.

ಆಮೇಲೆ ಇಬ್ಬರೂ ಕೂತು ಡಿಎಸ್‌ಸಿ (ಬಿಸಿ ಏರಿಸಿದಾಗ ವಸ್ತು ಹೀರುವ, ಬಿಡುವ ಶಾಖ ಅಳೆಯುವ ಯಂತ್ರ) ಓಡಿಸಿದೆವು. ಈ ಯಂತ್ರ ನಮ್ಮ ಲ್ಯಾಬಿನ ಎತ್ತು. ಚಿನ್ನದ ಲೇಪದ ಪುಟ್ಟ ಮೂಸೆಯಲ್ಲಿ ಮೂರು-ನಾಲ್ಕು ಮಿಲಿಗ್ರಾಂ ಮಾತ್ರ ಹಾಕಿ, ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಬಿಸಿ ಏರಿಸುತ್ತಾ ಹೋಗಬೇಕು. ಪರದೆಯ ಮೇಲೆ ಗೆರೆ ಬಹಳ ಹೊತ್ತು ನೆಟ್ಟಗೆ ಹೋಯಿತು. ನಂತರ ಒಂದೇ ಸಲ ಮೇಲಕ್ಕೆ ಚಿಮ್ಮಿ ಸೂಜಿಯಂತೆ ಚೂಪಾದ ಶಿಖರ ಮಾಡಿ ಇಳಿಯಿತು. ಹುಡುಗ ಶಿಖರದ ಕೆಳಗಿನ ವಿಸ್ತೀರ್ಣ ನೋಡಿ ಸುಮ್ಮನಾದ. ನಾನು ಅವನಿಗೆ ನೋಡಲು ಹೇಳಿದ್ದು ಶಿಖರದ ಆಕಾರವನ್ನು. ಅಗಲವಾಗಿ ದಿಬ್ಬದಂತೆ ಬರುವ ಶಕ್ತಿಯನ್ನು ಕೂಲಿಂಗ್ ಮಾಡಿ ತಡೆಯುವ ಯೋಚನೆಗಾದರೂ ಸಮಯ ಸಿಗುತ್ತದೆ. ಸೂಜಿಯ ಎದುರು ರಿಯಾಕ್ಟರಿನ ಸುತ್ತ ಹರಿಯುವ ಯಾವ ತಂಪು ನೀರೂ ನಿಲ್ಲುವುದಿಲ್ಲ.

ಇನ್ನೊಂದು ವಿಷಯ. ಈ ಪರೀಕ್ಷೆಯನ್ನು ತೆರೆದ ಅಲ್ಯೂಮಿನಿಯಂ ಮೂಸೆಯಲ್ಲಿ ಮಾಡಿ "ಏನೂ ಆಗಲಿಲ್ಲ" ಎಂದು ವರದಿ ಕೊಡುವವರಿದ್ದಾರೆ. ಹೊರಗಿನ ಲ್ಯಾಬಿನಿಂದ ಅಂಥ ವರದಿ ನಮ್ಮ ಮೇಜಿಗೂ ಬಂದಿದೆ. ತೆರೆದಿದ್ದರೆ ನೀರೋ ಸಾಲ್ವೆಂಟೋ ಆರಿಹೋಗುತ್ತಾ ಬಿಸಿ ಹೀರುತ್ತದೆ, ಬರಬೇಕಾದ ಶಿಖರ ಅದರಡಿ ಮುಚ್ಚಿಹೋಗುತ್ತದೆ. ಮುಚ್ಚಿದ ಮೂಸೆಯ ವರದಿ ಅಲ್ಲ ಎಂದರೆ ನಾನು ಅದನ್ನು ಓದುವುದೂ ಇಲ್ಲ.

ಆ ಪ್ರಾಜೆಕ್ಟಿನವರು ಕೊನೆಗೆ ಆಕ್ಸಿಮಾ ಎನ್ನುವ ಬದಲಿ ಪುಡಿಗೆ ಹೋದರು. ಅದರಲ್ಲಿ ಸಾಲು ನೈಟ್ರೋಜನ್ ಇಲ್ಲ, ಶಿಖರವೂ ಅಷ್ಟು ಚೂಪಲ್ಲ. ಪೂರ್ತಿ ನಿಶ್ಚಿಂತೆ ಅಂತಲ್ಲ. ಡಿಐಸಿ ಎಂಬ ಕಪ್ಲಿಂಗ್ ಏಜೆಂಟ್ ಜೊತೆ ಸೇರಿದರೆ ಆಕ್ಸಿಮಾ ನಿಧಾನವಾಗಿ ಹೈಡ್ರೋಜನ್ ಸಯನೈಡ್ ಬಿಡುತ್ತದೆ ಎಂದು 2019ರಲ್ಲಿ ವರದಿಯಾಯಿತು. ಹಾಗಾಗಿ ಗಾಳಿ ಹೊರಹಾಕುವ ವ್ಯವಸ್ಥೆ ಬೇರೆ ನೋಡಬೇಕಾಯಿತು. ಈ ಕೆಲಸದಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಾಗ ಹೊಸದೊಂದು ಬಾಲ ಹಿಂದೆಯೇ ಬರುತ್ತದೆ.

ಇದಕ್ಕೆ ವಾಲ್ಸಾರ್ಟನ್ ಕಥೆಗಿಂತ ದೊಡ್ಡ ಸಾಕ್ಷಿ ಬೇಡ. ಟೆಟ್ರಜೋಲ್ ಉಂಗುರ ಕಟ್ಟಲು ಸೋಡಿಯಂ ಅಜೈಡ್ ಬೇಕು. ಕೊನೆಗೆ ಉಳಿದ ಅಜೈಡ್ ಅಪಾಯ. ಆಸಿಡ್ ತಾಗಿದರೆ ಹೈಡ್ರಜೋಯಿಕ್ ಆಸಿಡ್, 37 ಡಿಗ್ರಿ ಸುಮಾರಿಗೆ ಕುದಿಯುವ ವಿಷ, ಮೇಲಾಗಿ ಸಿಡಿಯುವಂಥದ್ದು. ಡೈಕ್ಲೋರೋಮೀಥೇನ್ ತಾಗಿದರೆ ಅದಕ್ಕಿಂತ ಕೆಟ್ಟದ್ದು. ತಾಮ್ರ, ಸೀಸದ ಪೈಪಿನಲ್ಲಿ ಹೋದರೆ ಪೈಪಿನೊಳಗೇ ಲೋಹದ ಅಜೈಡ್ ಕೂರುತ್ತದೆ. ಹಾಗಾಗಿ ಉಳಿದದ್ದನ್ನು ಸೋಡಿಯಂ ನೈಟ್ರೈಟ್ ಹಾಕಿ ಕೊಲ್ಲುವುದು ಹಳೆಯ ಪದ್ಧತಿ, ಪುಸ್ತಕದಲ್ಲಿರುವ ಪದ್ಧತಿ. ಚೀನಾದ ಒಂದು ಕಾರ್ಖಾನೆ ಸಾಲ್ವೆಂಟ್ ಬದಲಿಸಿ ಡಿಎಂಎಫ್ ಬಳಸತೊಡಗಿತು. ಡಿಎಂಎಫ್‌ನಿಂದ ಬಂದ ಡೈಮೀಥೈಲ್ ಅಮೈನ್, ಅಜೈಡ್ ಕೊಲ್ಲಲು ಹಾಕಿದ ನೈಟ್ರೈಟ್ ಜೊತೆ ಸೇರಿ ಎನ್‌ಡಿಎಂಎ ಆಯಿತು. ಅದು ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತು. 2018ರ ಜುಲೈನಲ್ಲಿ ಯುರೋಪಿನಿಂದ ಶುರುವಾಗಿ ಲೋಕದ ತುಂಬ ಮಾತ್ರೆಗಳನ್ನು ವಾಪಸ್ ತರಿಸಿಕೊಂಡರು. ಸಿಡಿತ ತಡೆಯಲು ಹಾಕಿದ ಮದ್ದೇ ಅಲ್ಲಿ ವಿಷದ ಅರ್ಧ ಪಾಲು. ಆಮೇಲಿಂದ ನಮ್ಮಲ್ಲಿ ಸೇಫ್ಟಿಯವರೂ ಕಲ್ಮಶ ಹುಡುಕುವವರೂ ಒಂದೇ ಕಡತಕ್ಕೆ ಸಹಿ ಹಾಕುತ್ತಾರೆ. ಮೊದಲು ಇಬ್ಬರಿಗೂ ಮಾತಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂಟಿ ಅಣುವಿನ ಮಾತು. ನನಗೆ ಈ ವಿಷಯದಲ್ಲಿ ನಿಜವಾಗಿ ರುಚಿ ಹತ್ತಿಸಿದ್ದು ಟಿಎಟಿಬಿ ಎಂಬ ಹಳದಿ ಪುಡಿ. ನಾವು ಅದನ್ನು ಮುಟ್ಟುವ ಪ್ರಶ್ನೆಯೇ ಇಲ್ಲ, ಓದಿ ಖುಷಿಪಟ್ಟದ್ದಷ್ಟೇ. ಬೆಂಜೀನ್ ಉಂಗುರದ ಆರು ಮೂಲೆಗಳಲ್ಲಿ ಮೂರು ನೈಟ್ರೋ, ನಡುನಡುವೆ ಮೂರು ಅಮೈನೋ. ಈ ಅಮೈನೋಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋದರೆ ಏನಾಗುತ್ತದೆ ಎಂಬ ಹಳೆಯ ಅಂಕಿಗಳಿವೆ. ಪುಡಿಯ ಮೇಲೆ 2.5 ಕೆಜಿ ತೂಕ ಬೀಳಿಸಿ, ಅರ್ಧದಷ್ಟು ಸಲ ಸಿಡಿಯುವ ಎತ್ತರ ಬರೆದುಕೊಳ್ಳುವ ಪರೀಕ್ಷೆ ಅದು. ಅಮೈನೋ ಇಲ್ಲದ ಟ್ರೈನೈಟ್ರೋಬೆಂಜೀನ್‌ಗೆ ಸುಮಾರು 100 ಸೆಂಟಿಮೀಟರ್. ಒಂದು ಅಮೈನೋ ಬಂದರೆ 177. ಎರಡು ಬಂದರೆ 320. ಮೂರು ಬಂದರೆ ಯಂತ್ರದ ಎತ್ತರವೇ ಸಾಲದು. ನೈಟ್ರೋ ಸಂಖ್ಯೆ ನಾಲ್ಕರಲ್ಲೂ ಮೂರೇ.

ಅಮೈನೋದ ಹೈಡ್ರೋಜನ್ ಪಕ್ಕದ ನೈಟ್ರೋದ ಆಕ್ಸಿಜನ್‌ಗೆ ಕೈಚಾಚಿ ಹೈಡ್ರೋಜನ್ ಬಂಧ ಮಾಡುತ್ತದೆ. ಅಮೈನೋ ಉಂಗುರಕ್ಕೆ ಎಲೆಕ್ಟ್ರಾನ್ ದೂಡುತ್ತದೆ, ನೈಟ್ರೋ ಎಳೆದುಕೊಳ್ಳುತ್ತದೆ. ಅದರಿಂದ ಕಾರ್ಬನ್-ನೈಟ್ರೋ ಬಂಧ ಇನ್ನೂ ಗಟ್ಟಿಯಾಗುತ್ತದೆ. ಅಣು ಪೂರ್ತಿ ಚಪ್ಪಟೆ. ಅಕ್ಕಪಕ್ಕದ ಅಣುಗಳ ಜೊತೆಯೂ ಅದೇ ಹೈಡ್ರೋಜನ್ ಬಂಧ ಹೆಣೆದುಕೊಂಡು ಹಾಳೆಗಳಾಗಿ, ಹಾಳೆಯ ಮೇಲೆ ಹಾಳೆ ಕೂರುತ್ತದೆ. ಮೇಲಿಂದ ಏಟು ಬಿದ್ದರೆ ಇಸ್ಪೀಟಿನ ಕಟ್ಟಿನಂತೆ ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ಏಟಿನ ಶಕ್ತಿ ಜಾರುವುದರಲ್ಲೇ ಖರ್ಚಾಗಿಬಿಡುತ್ತದೆ, ಒಂದೇ ಬಿಂದುವಿನಲ್ಲಿ ಬಿಸಿ ಕೂಡಿಕೊಳ್ಳುವುದಿಲ್ಲ. ಸಿಡಿತ ಶುರುವಾಗುವುದು ಯಾವಾಗಲೂ ಅಂಥ ಬಿಸಿ ಬಿಂದುವಿನಿಂದಲೇ. ಅದೇ ಹುಟ್ಟದಿದ್ದರೆ ಮುಂದಿನದ್ದು ನಡೆಯುವುದಿಲ್ಲ.

ಈ ಪುಡಿ ಗೊತ್ತಿದ್ದದ್ದು 1888ರಿಂದಲೇ. ಯಾರಿಗೂ ಬೇಕಾಗಿರಲಿಲ್ಲ. 1966ರಲ್ಲಿ ಸ್ಪೇನಿನ ಪಲೊಮಾರೆಸ್‌ನಲ್ಲೂ 1968ರಲ್ಲಿ ಗ್ರೀನ್‌ಲ್ಯಾಂಡಿನ ಥೂಲೆಯಲ್ಲೂ ಅಣುಬಾಂಬ್ ಹೊತ್ತ ಅಮೆರಿಕದ ಬಿ-52 ವಿಮಾನಗಳು ಬಿದ್ದವು. ಅಣುಸ್ಫೋಟ ಆಗಲಿಲ್ಲ, ಆದರೆ ಬಾಂಬಿನೊಳಗಿನ ಸಾಮಾನ್ಯ ಸಿಡಿಮದ್ದು ನೆಲಕ್ಕೆ ಅಪ್ಪಳಿಸಿ ಸಿಡಿದು ಪ್ಲುಟೋನಿಯಂ ಊರಿಗೂ ಹಿಮಕ್ಕೂ ಚೆಲ್ಲಿತು. ಬಿದ್ದರೂ ಸುಟ್ಟರೂ ಸಿಡಿಯದ ಮದ್ದು ಬೇಕು ಎಂದಾಗ ಟಿಎಟಿಬಿಗೆ ಬೆಲೆ ಬಂತು. ಅದರ ದಾರಿಯಲ್ಲೇ ಸ್ವೀಡನ್ನಿನವರು 1998ರಲ್ಲಿ ಫಾಕ್ಸ್-7 ಹೊರತಂದರು. ಅದರಲ್ಲಿ ಉಂಗುರವೇ ಇಲ್ಲ. ಎರಡು ಕಾರ್ಬನ್, ಒಂದರ ಮೇಲೆ ಎರಡು ಅಮೈನೋ, ಇನ್ನೊಂದರ ಮೇಲೆ ಎರಡು ನೈಟ್ರೋ. ಹಾಳೆಗಳು ಅಲೆಅಲೆಯಾಗಿ ಕೂರುತ್ತವೆ. ಇಷ್ಟು ಚಿಕ್ಕ ಅಣುವಿನಲ್ಲಿ ಇಷ್ಟು ಅಚ್ಚುಕಟ್ಟು ಕಂಡರೆ ನನಗೆ ಈಗಲೂ ಸಂತೋಷವಾಗುತ್ತದೆ. ಯಾಕೆ ಬೇಕು ಇದೆಲ್ಲ ಎಂಬ ಪ್ರಶ್ನೆ ಬೇರೆ ಇದೆ, ಅದು ಇನ್ನೊಂದು ದಿನದ ಜಗಳ.

ಹರಳಿನ ಮಹಿಮೆ ಇಷ್ಟಕ್ಕೇ ಮುಗಿಯುವುದಿಲ್ಲ. ಅಣು ಒಂದೇ, ಹರಳು ಬೇರೆಯಾದರೆ ಗುಣವೂ ಬೇರೆ. ಪಾಲಿಮಾರ್ಫ್ ಎಂದರೆ ಔಷಧಿಯವರಿಗೆ ಹೊಸದೇನಲ್ಲ. ಅಲ್ಲಿ ಅದು ಕರಗುವಿಕೆಯ ಸಮಸ್ಯೆ, ಇಲ್ಲಿ ಜೀವದ ಸಮಸ್ಯೆ. ಎಚ್‌ಎಂಎಕ್ಸ್‌ನ ಬೀಟಾ ಹರಳು ಬಿಗಿ, ತಕ್ಕಮಟ್ಟಿಗೆ ಸಮಾಧಾನದ್ದು. 160-180 ಡಿಗ್ರಿ ಸುಮಾರಿಗೆ ಡೆಲ್ಟಾ ಆಗುತ್ತದೆ. ಗಾತ್ರ ಶೇ. 7ರಷ್ಟು ಉಬ್ಬುತ್ತದೆ, ಹರಳಿನಲ್ಲಿ ಬಿರುಕು ಬೀಳುತ್ತದೆ, ಸೂಕ್ಷ್ಮತೆ ಏರುತ್ತದೆ. ಸಿಎಲ್-20 ಎಂಬ ಪಂಜರದಂಥ ಅಣುವಿನಲ್ಲಿ ಆರು ನೈಟ್ರೋ ಗುಂಪುಗಳು, ಆರೂ ನೈಟ್ರೋಜನ್ ಮೇಲೆ. ಅದು ಭಾರಿ ಶಕ್ತಿ, ಭಾರಿ ಮುಂಗೋಪ. 2012ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಆಡಂ ಮ್ಯಾಟ್ಜರ್ ತಂಡ ಸಿಎಲ್-20 ಎರಡು ಪಾಲು, ಎಚ್‌ಎಂಎಕ್ಸ್ ಒಂದು ಪಾಲು ಸೇರಿಸಿ ಒಂದೇ ಹರಳಾಗಿ ಬೆಳೆಸಿತು. ಅದರ ಸೂಕ್ಷ್ಮತೆ ಎಚ್‌ಎಂಎಕ್ಸ್ ಮಟ್ಟಕ್ಕೆ ಇಳಿಯಿತು. ಯಾವ ಅಣುವಿನಲ್ಲೂ ಒಂದು ಬಂಧ ಬದಲಾಗಿಲ್ಲ. ಪಕ್ಕದಲ್ಲಿ ಕೂತವರು ಮಾತ್ರ ಬೇರೆ.

ಊರಿಗೆ ಹೋದರೆ ಈ ವಿಷಯದಲ್ಲಿ ನನ್ನನ್ನು ಕೇಳುವುದು ಕ್ವಾರಿಯ ಬಗ್ಗೆಯೇ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟವಾದಾಗ ಪಕ್ಕದ ಜಿಲ್ಲೆಗಳ ಜನರೂ ಭೂಕಂಪ ಎಂದು ಮನೆಯಿಂದ ಹೊರಗೆ ಓಡಿದ್ದರು. ಆ ಜಿಲೆಟಿನ್ ಕಡ್ಡಿ ಅಷ್ಟು ಸೂಕ್ಷ್ಮವಾ ಎಂದು ಕೇಳುತ್ತಾರೆ. ಈಗಿನ ಕಡ್ಡಿಗಳು ಬಹುಪಾಲು ಅಮೋನಿಯಂ ನೈಟ್ರೇಟ್ ನೀರಿನ ಎಮಲ್ಷನ್ ಇಲ್ಲವೇ ಸ್ಲರಿ. ಅವು ಸುಮ್ಮನೆ ತಟ್ಟಿದರೆ ಏಳುವುದಿಲ್ಲ. ಅವನ್ನು ಎಬ್ಬಿಸುವ ಡಿಟೋನೇಟರ್ ಇದೆಯಲ್ಲ, ಅದರೊಳಗಿನ ಚಿಟಿಕೆ ಮದ್ದನ್ನು ಸಣ್ಣ ಕಿಡಿಗೇ ಏಳಬೇಕು ಎಂದು ಬೇಕಂತಲೇ ಆರಿಸಿರುತ್ತಾರೆ. ಎರಡನ್ನೂ ಬೇರೆಬೇರೆ ಇಡಬೇಕು, ಬೇರೆಬೇರೆ ಸಾಗಿಸಬೇಕು ಎಂಬ ನಿಯಮ ಇರುವುದು ಅದಕ್ಕೇ. ಅಮೋನಿಯಂ ನೈಟ್ರೇಟ್‌ಗೂ ಒಂದು ಹರಳಿನ ಚೇಷ್ಟೆ ಇದೆ. 32 ಡಿಗ್ರಿಗೆ ಅದರ ಹರಳು ರೂಪ ಬದಲಾಯಿಸಿ ಶೇ. 3ಕ್ಕಿಂತ ಜಾಸ್ತಿ ಉಬ್ಬುತ್ತದೆ. ನಮ್ಮ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ದಿನಾ ಆ ಗಡಿ ದಾಟಿ ರಾತ್ರಿ ವಾಪಸ್ ಬರುವುದೆಂದರೆ ಕಾಳು ಒಡೆದು ಪುಡಿಯಾಗಿ, ಗಟ್ಟಿ ಹೆಂಟೆಯಾಗುವುದು ಖಂಡಿತ. ಹೆಂಟೆ ಒಡೆಯಲು ಸಿಡಿಮದ್ದೇ ಬಳಸಿ 1921ರಲ್ಲಿ ಜರ್ಮನಿಯ ಒಪ್ಪೌ ಊರಿನವರು ಏನು ಅನುಭವಿಸಿದರು ಎಂಬುದು ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಐನೂರಕ್ಕೂ ಹೆಚ್ಚು ಜನ ಸತ್ತರು.

ಚಿತ್ರದಲ್ಲಿ ಕಾಣದ ಇನ್ನೊಂದು ವಿಷಯ ಕಲ್ಮಶ. ನನ್ನ ದಿನನಿತ್ಯದ ಕೆಲಸದಲ್ಲಿ ಸಿಎಲ್-20ಗಿಂತ ಇದೇ ಮುಖ್ಯ. ಒಂದೇ ನೈಟ್ರೋ ಇರುವ ಆರೊಮ್ಯಾಟಿಕ್ ಅಣು ಡಿಎಸ್‌ಸಿಯಲ್ಲಿ ಸಾಮಾನ್ಯವಾಗಿ 300 ಡಿಗ್ರಿ ದಾಟುವವರೆಗೂ ಸುಮ್ಮನಿರುತ್ತದೆ. ಅದರಲ್ಲಿ ಸ್ವಲ್ಪ ಕಾಸ್ಟಿಕ್ ಸೋಡಾ ಉಳಿದುಬಿಟ್ಟರೆ ಆ ಗಡಿ ಎಷ್ಟೋ ಕೆಳಗೆ ಬರುತ್ತದೆ. ನೈಟ್ರೋದ ಪಕ್ಕದ ಮೂಲೆಯಲ್ಲೇ ಮೀಥೈಲ್ ಇದ್ದರೆ ಇನ್ನೂ ಕಷ್ಟ. ಮೀಥೈಲ್‌ನ ಹೈಡ್ರೋಜನ್ ಪಕ್ಕದ ಆಕ್ಸಿಜನ್‌ಗೆ ಜಿಗಿದು, ಗಟ್ಟಿ ಕಾರ್ಬನ್-ನೈಟ್ರೋ ಬಂಧವನ್ನು ಮುರಿಯದೆಯೇ ಹಿಂಬಾಗಿಲಿನಿಂದ ಡಿಕಂಪೋಸ್ ಶುರುಮಾಡುತ್ತದೆ. ಟಿಎನ್‌ಟಿ ಬಿಸಿಯಾದಾಗ ಹಿಡಿಯುವ ದಾರಿಯೂ ಇದೇ. ಹಾಗಾಗಿ ನಾನು ಮೊದಲು ಹೇಳಿದ ಪೆನ್ಸಿಲ್ ಗೆರೆಯನ್ನು ಎರಡು ಕಡೆ ಎಳೆಯಬೇಕಾಗುತ್ತದೆ: ಯಾವ ಬಂಧ ಸಡಿಲ ಎಂದು ಒಂದು, ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂದು ಇನ್ನೊಂದು.

1992ರ ಸೆಪ್ಟೆಂಬರ್ 21ರಂದು ಇಂಗ್ಲೆಂಡಿನ ಕ್ಯಾಸಲ್‌ಫೋರ್ಡ್‌ನಲ್ಲಿ ನಡೆದದ್ದನ್ನು ನಾನು ಪ್ರತಿ ಹೊಸ ಬ್ಯಾಚಿಗೂ ಹೇಳುತ್ತೇನೆ. ಅಲ್ಲಿ ನೈಟ್ರೋಟಾಲ್ಯೂಯಿನ್ ಬಟ್ಟಿ ಇಳಿಸುವ ಒಂದು ಪಾತ್ರೆ ಇತ್ತು. ಮೂವತ್ತು ವರ್ಷ ಯಾರೂ ಅದರ ತಳ ತೊಳೆದಿರಲಿಲ್ಲ. ತಳದಲ್ಲಿ ಟಾರಿನಂಥ ಕೆಸರು ಕೂತಿತ್ತು. ಕೆರೆದು ತೆಗೆಯಲು ಮೆತ್ತಗಾಗಲಿ ಎಂದು ಹಬೆ ಕೊಟ್ಟರು. 90 ಡಿಗ್ರಿ ದಾಟಬಾರದು ಎಂದು ಹೇಳಿದ್ದರು, ಆದರೆ ಥರ್ಮಾಮೀಟರ್ ಇದ್ದದ್ದು ಕೆಸರಿನೊಳಗೆ ಅಲ್ಲ. ಕೆಸರಿನ ಬಿಸಿ ಎಷ್ಟಾಗಿದೆ ಎಂದು ಯಾರಿಗೂ ಕಾಣುತ್ತಿರಲಿಲ್ಲ. ಕೆಸರು ಡಿಕಂಪೋಸ್ ಆಗಿ ಮ್ಯಾನ್‌ಹೋಲಿನಿಂದ ಬೆಂಕಿಯ ಧಾರೆ ಹೊರಗೆ ಚಿಮ್ಮಿತು. ಎದುರಿನ ಕಂಟ್ರೋಲ್ ರೂಮನ್ನು ಹಾದು ಆಫೀಸು ಕಟ್ಟಡದವರೆಗೂ ಹೋಯಿತು. ಐದು ಜನ ಸತ್ತರು. ಅವರು ದಿನಾ ಬಟ್ಟಿ ಇಳಿಸುತ್ತಿದ್ದ ವಸ್ತುವಿನ ಚಿತ್ರ ಎಲ್ಲರಿಗೂ ಗೊತ್ತಿತ್ತು. ಕೆಸರಿಗೆ ಚಿತ್ರವೇ ಇರಲಿಲ್ಲ.

ಇದಕ್ಕೇ ನಮ್ಮ ಸ್ಯಾಂಪಲ್ ಅರ್ಜಿಯ ಬಗ್ಗೆ ಎಲ್ಲ ತಂಡಗಳ ಜೊತೆಗೂ ನನ್ನದು ಕಿರಿಕಿರಿ. ಎಲ್ಲರೂ ತರುವುದು ತೊಳೆದು, ಒಣಗಿಸಿ, ಹರಳು ಮಾಡಿದ ಶೇ. 99ರ ಬಿಳಿ ಪುಡಿ. ಪರೀಕ್ಷೆಯಲ್ಲಿ ಅದು ಪಾಸಾಗುತ್ತದೆ, ಎಲ್ಲರಿಗೂ ಖುಷಿ. ನಾನು ಕೇಳುವುದು ಬೇರೆ ಬಾಟಲಿ. ರಿಯಾಕ್ಟರಿನಲ್ಲಿ ಇರುವಾಗ ಹೇಗಿರುತ್ತದೋ ಹಾಗೆ, ಸಾಲ್ವೆಂಟ್ ಸಮೇತ ಒಂದು. ಡ್ರೈಯರಿನ ಮೂಲೆಯಲ್ಲಿ ಅತಿಯಾಗಿ ಒಣಗಿದ್ದು ಒಂದು. ಬಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿದ ಕಪ್ಪು ಕೆಸರು ಒಂದು, ಅದೂ ಕೊನೆಯ ಬ್ಯಾಚಿನದ್ದು, ಮೊದಲನೆಯದ್ದಲ್ಲ. "ಅದನ್ನು ಎಸೆದುಬಿಟ್ಟೆವಲ್ಲ" ಎನ್ನುತ್ತಾರೆ. ಹಾಗಾದರೆ ಮುಂದಿನ ಬ್ಯಾಚಿನವರೆಗೆ ಕಾಯೋಣ, ನನಗೇನೂ ಅವಸರ ಇಲ್ಲ ಎನ್ನುತ್ತೇನೆ. ಅವಸರ ಇರುವುದು ಪ್ರಾಜೆಕ್ಟ್ ಮ್ಯಾನೇಜರಿಗೆ. ಅವರ ಫೋನು ಬಂದ ಮರುದಿನ ಕೆಸರಿನ ಬಾಟಲಿ ತಾನಾಗಿಯೇ ಬರುತ್ತದೆ.